ಮನೆಯ ಸಂಗೀತಕ್ಕೆ ಎಷ್ಟು ವರ್ಧಕಗಳು ಬೇಕು?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಸ್ಕೃತಿಗಳ ವಿಚಾರವಾಗಿ ಬಲ್ಲವರು ಮಾತನಾಡುವ ಈ ವೇದಿಕೆಯಲ್ಲಿ ಒಂದು ಯಂತ್ರದ ವಿಷಯವನ್ನು ಎತ್ತಿಕೊಂಡು ನಿಂತಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಾಸರಗೋಡಿನ ಈ ನೆಲದಲ್ಲಿ ಕನ್ನಡವು ಪುಸ್ತಕದಿಂದ ಎಷ್ಟು ಉಳಿದು ಬಂದಿದೆಯೋ ಕಿವಿಯಿಂದಲೂ ಅಷ್ಟೇ ಉಳಿದು ಬಂದಿದೆ. ಪಾರ್ತಿಸುಬ್ಬನ ಕುಂಬಳೆಯ ಸೀಮೆ ಇದು. ಭಾಗವತರ ಪದ, ಚೆಂಡೆ ಮದ್ದಳೆಗಳ ನುಡಿ, ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ವಾಗ್ವೈಭವ, ಇವುಗಳನ್ನು ಕೇಳಿ ಬೆಳೆದ ಮನೆಗಳು ನಮ್ಮವು. ಇಂದಿನ ಮಕ್ಕಳಿಗೆ ಆ ನುಡಿಯು ತಲುಪುವುದು ಬಹುಮಟ್ಟಿಗೆ ಧ್ವನಿಮುದ್ರಣಗಳ ಮೂಲಕ. ಆದಕಾರಣ ಮನೆಯ ಸ್ಪೀಕರು ಹೇಗೆ ಮಾತನಾಡುತ್ತದೆ ಎಂಬ ಪ್ರಶ್ನೆಯು ನಮ್ಮ ಸಂಘದ ಸಭೆಗೆ ತೀರ ಹೊರತಾದುದಲ್ಲವೆಂದು ಭಾವಿಸಿದ್ದೇನೆ.

ಕೊಲ್ಲಿ ನಾಡುಗಳಲ್ಲಿ ದುಡಿದು ಬಂದವರ ಮನೆಗಳಲ್ಲಿ ಹಳೆಯದೊಂದು ಆಂಪ್ಲಿಫೈಯರು ಇರುವುದು ನಮ್ಮಲ್ಲಿ ಸಾಮಾನ್ಯ. ಅದು ಇನ್ನೂ ಕೆಡದಿರುವಾಗಲೇ ಹೊಸತೊಂದು ಬಂದು ಸೇರುತ್ತದೆ. ಎರಡನ್ನೂ ಒಂದೇ ಜೋಡಿ ಸ್ಪೀಕರುಗಳಿಗೆ ಕೂಡಿಸಿದರೆ ಧ್ವನಿಯು ಇಮ್ಮಡಿ ಚೆನ್ನಾದೀತೆ ಎಂಬ ಆಸೆ ಆಗ ಹುಟ್ಟುವುದು ಸಹಜ. ಹೊಸ ಸ್ಪೀಕರುಗಳ ಬೆನ್ನಿನಲ್ಲಿ ಎರಡರ ಬದಲು ನಾಲ್ಕು ಕೊಂಡಿಗಳಿರುವುದನ್ನು ಕಂಡವರಿಗೆ ಆ ಆಸೆಯು ಇನ್ನಷ್ಟು ಬಲವಾಗುತ್ತದೆ. ಇದು ಕೈಗೂಡಬಹುದಾದ ಆಸೆಯೇ. ಆದರೆ ಜೋಡಿಸುವ ಕ್ರಮವನ್ನರಿಯದೆ ಹೊರಟರೆ ಹಣವೂ ಹೋದೀತು, ಯಂತ್ರವೂ ಸುಟ್ಟೀತು. ಆದುದರಿಂದ ವಿಷಯವನ್ನು ಬುಡದಿಂದ ನೋಡೋಣ.

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಬೇಕು. ನಾವು ಸ್ಪೀಕರನ್ನು ಧ್ವನಿವರ್ಧಕವೆಂದು ಕರೆಯುತ್ತೇವೆ. ವಾಸ್ತವವಾಗಿ ಸ್ಪೀಕರು ಯಾವುದನ್ನೂ ವರ್ಧಿಸುವುದಿಲ್ಲ. ತನಗೆ ಬಂದ ವಿದ್ಯುತ್ತನ್ನು ಗಾಳಿಯ ಅಲುಗಾಟವನ್ನಾಗಿ ಮಾರ್ಪಡಿಸುತ್ತದೆ, ಅಷ್ಟೇ. ದುರ್ಬಲವಾದ ವಿದ್ಯುತ್ ಸಂಕೇತಕ್ಕೆ ಬಲವನ್ನು ತುಂಬುವ ಕೆಲಸ ಆಂಪ್ಲಿಫೈಯರಿನದು. ಅದನ್ನು ನಾನು ವರ್ಧಕವೆಂದು ಕರೆಯುತ್ತೇನೆ. ಸ್ಪೀಕರು ಸ್ಪೀಕರಾಗಿಯೇ ಇರಲಿ.

ಇಂದಿನ ಸ್ಪೀಕರಿನ ಮೂಲರೂಪವನ್ನು 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬವರು ಲೋಕದ ಮುಂದಿಟ್ಟರು. ಕಾಂತದ ನಡುವೆ ತೂಗಿದ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಆಲಿಕೆ; ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಆಲಿಕೆಯು ಹಿಂದು ಮುಂದಕ್ಕೆ ಚಲಿಸಿ ಗಾಳಿಯನ್ನು ನೂಕುತ್ತದೆ. ಸುಮಾರು ನೂರು ವರ್ಷಗಳಾದರೂ ತತ್ತ್ವವು ಬದಲಾಗಿಲ್ಲ. 1931ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಇಂಜಿನಿಯರು ಎರಡು ಸ್ಪೀಕರುಗಳಿಂದ ಶಬ್ದದ ಎಡ ಬಲಗಳನ್ನೂ ಕೇಳಿಸುವ ಸ್ಟೀರಿಯೋ ವಿಧಾನಕ್ಕೆ ಪೇಟೆಂಟನ್ನು ಕೋರಿದನು. ಎಡಕ್ಕೊಂದು, ಬಲಕ್ಕೊಂದು ವರ್ಧಕ ಬೇಕಾದುದರಿಂದ, ಒಂದೇ ಪೆಟ್ಟಿಗೆಯಂತೆ ಕಾಣುವ ಸ್ಟೀರಿಯೋ ಯಂತ್ರದೊಳಗೆ ಆಗಲೇ ಎರಡು ವರ್ಧಕಗಳು ಕುಳಿತಿರುತ್ತವೆ. ನಮ್ಮ ಇಂದಿನ ಪ್ರಶ್ನೆ ಅದಕ್ಕೂ ಮುಂದಿನದು: ಒಂದೊಂದು ಸ್ಪೀಕರಿಗೇ ಒಂದಕ್ಕಿಂತ ಹೆಚ್ಚು ವರ್ಧಕಗಳು ಏಕೆ ಬೇಕು?

ಇದಕ್ಕೆ ಉತ್ತರವು ಶಬ್ದದ ಅಲೆಗಳಲ್ಲಿ ಅಡಗಿದೆ. ಮನುಷ್ಯನ ಕಿವಿಯು ಸೆಕೆಂಡಿಗೆ 20 ಕಂಪನಗಳಿಂದ ತೊಡಗಿ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲುದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ, 20 ಕಂಪನದ ಅಲೆಯ ಉದ್ದ 17 ಮೀಟರು. 20,000 ಕಂಪನದ ಅಲೆಯ ಉದ್ದ ಎರಡು ಸೆಂಟಿಮೀಟರಿಗೂ ಕಡಮೆ. ಮದ್ದಳೆಯ ಗಂಭೀರ ನಾದಕ್ಕೆ ಅಗಲವಾದ, ಹೆಚ್ಚು ಗಾಳಿಯನ್ನು ನೂಕಬಲ್ಲ ಆಲಿಕೆ ಬೇಕು. ಚಕ್ರತಾಳದ ಕಿಣಿಕಿಣಿಗೆ ಹಗುರವಾದ, ಅತಿಶೀಘ್ರವಾಗಿ ಅಲುಗಬಲ್ಲ ಚಿಕ್ಕ ಗುಮ್ಮಟ ಬೇಕು. ಇವೆರಡನ್ನೂ ಒಂದೇ ಆಲಿಕೆಯಿಂದ ಬಯಸುವುದು ಆನೆಯಿಂದ ಹೂ ಕಟ್ಟಿಸಿದಂತೆ. ಆದಕಾರಣ ಒಂದೇ ಪೆಟ್ಟಿಗೆಯಲ್ಲಿ ತಗ್ಗು ಸ್ವರಗಳಿಗೆ ವೂಫರು, ಏರು ಸ್ವರಗಳಿಗೆ ಟ್ವೀಟರು ಎಂದು ಎರಡನ್ನು ಇಟ್ಟಿರುತ್ತಾರೆ.

ಎರಡು ಬಾಯಿಗಳಾದ ಮೇಲೆ ಯಾವ ಸ್ವರ ಯಾವ ಬಾಯಿಗೆ ಎಂದು ವಿಂಗಡಿಸುವವನೊಬ್ಬನು ಬೇಕಲ್ಲವೆ? ಅವನೇ ಕ್ರಾಸೋವರು. ಸಾಮಾನ್ಯವಾದ ಸ್ಪೀಕರಿನಲ್ಲಿ ಇದು ಪೆಟ್ಟಿಗೆಯ ಒಳಗೇ ಅಡಗಿರುವ ಕೆಲವು ತಂತಿಯ ಸುರುಳಿಗಳು ಮತ್ತು ಕೆಪಾಸಿಟರುಗಳು. ಸುರುಳಿಯು ತಗ್ಗು ಸ್ವರಗಳನ್ನು ಬಿಟ್ಟು ಏರು ಸ್ವರಗಳನ್ನು ತಡೆಯುತ್ತದೆ. ಕೆಪಾಸಿಟರು ಇದಕ್ಕೆ ವಿರುದ್ಧವಾದುದನ್ನು ಮಾಡುತ್ತದೆ. ಎರಡು ಬಾಯಿಯ ಸ್ಪೀಕರಿನಲ್ಲಿ ಈ ವಿಂಗಡಣೆಯು ಬಹುಮಟ್ಟಿಗೆ 2,000ದಿಂದ 3,000 ಕಂಪನಗಳ ನಡುವೆ ಆಗುತ್ತದೆ. ನಮ್ಮ ಕಿವಿಯು ಅತಿ ಸೂಕ್ಷ್ಮವಾಗಿ ಕೇಳುವ ಪ್ರದೇಶವೂ ಇದರ ಆಸುಪಾಸಿನದೇ. ಸ್ವರಾಕ್ಷರಗಳ ಬಲವು ಕೆಳಗಿರುತ್ತದೆ. 'ಶ'ಕಾರ 'ಸ'ಕಾರಗಳ ಭೇದವು ಈ ಎತ್ತರದಲ್ಲಿ ಮತ್ತು ಇದರ ಮೇಲೆ ಇರುತ್ತದೆ. ವಿಂಗಡಣೆಯು ಕೆಟ್ಟಲ್ಲಿ ಅರ್ಥಧಾರಿಯು 'ಶರ' ಎಂದನೋ 'ಸರ' ಎಂದನೋ ತಿಳಿಯದೆ ಹೋದೀತು. ರಾಮನು ವಾಲಿಗೆ ಬಿಟ್ಟುದು ಶರವೇ ಹೊರತು ಸರವಲ್ಲ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಹುವರ್ಧಕ ಜೋಡಣೆಯಲ್ಲಿ ಎರಡು ವಿಧಗಳಿವೆ. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಒಳಗೆ ಅಜಗಜಾಂತರ. ಮೊದಲನೆಯದರಲ್ಲಿ ವಿಂಗಡಣೆಯು ವರ್ಧಕವನ್ನು ದಾಟಿದ ಮೇಲೆ ನಡೆಯುತ್ತದೆ. ಎರಡನೆಯದರಲ್ಲಿ ವರ್ಧಕವನ್ನು ಹೊಗುವ ಮೊದಲೇ ನಡೆಯುತ್ತದೆ. ಫಲವನ್ನು ನಿರ್ಣಯಿಸತಕ್ಕದ್ದು ವಿಂಗಡಣೆಯ ಈ ಸ್ಥಾನವೇ ಎಂಬುದೊಂದನ್ನು ನೀವು ಮನೆಗೆ ಕೊಂಡೊಯ್ದರೆ ನನ್ನ ಭಾಷಣವು ಸಾರ್ಥಕವಾಯಿತು.

ಮೊದಲನೆಯ ವಿಧವನ್ನು ನೋಡಿರಿ. ನಾಲ್ಕು ಕೊಂಡಿಗಳ ಸ್ಪೀಕರಿನಲ್ಲಿ ಮೇಲಿನ ಜೋಡಿಯು ಟ್ವೀಟರಿನದು, ಕೆಳಗಿನದು ವೂಫರಿನದು. ಎರಡನ್ನೂ ಚಿಕ್ಕ ಲೋಹದ ಪಟ್ಟಿಗಳಿಂದ ಕೂಡಿಸಿರುತ್ತಾರೆ. ಆ ಪಟ್ಟಿಗಳನ್ನು ತೆಗೆದು ಮೇಲಿನ ಜೋಡಿಗೆ ಒಂದು ವರ್ಧಕ, ಕೆಳಗಿನ ಜೋಡಿಗೆ ಇನ್ನೊಂದು ವರ್ಧಕ ಎಂದು ಜೋಡಿಸುವುದು ಈ ಕ್ರಮ. ಪೆಟ್ಟಿಗೆಯೊಳಗಿನ ಕ್ರಾಸೋವರು ಇದ್ದಲ್ಲಿಯೇ ಇರುತ್ತದೆ. ಎರಡು ವರ್ಧಕಗಳಿಗೂ ತಗ್ಗು ಏರು ಎಲ್ಲ ಸ್ವರಗಳೂ ಕೂಡಿದ ಪೂರ್ತಿ ಸಂಕೇತವೇ ಬರುತ್ತದೆ. ಎರಡೂ ಅದರ ಪೂರ್ತಿ ವೋಲ್ಟೇಜನ್ನು ಎತ್ತಿ ಹಿಡಿಯಬೇಕು. ಇಬ್ಬರು ಆಳುಗಳು ಅಕ್ಕಿ ಹೊಟ್ಟುಗಳು ಬೆರೆತ ಪೂರ್ತಿ ಚೀಲವನ್ನೇ ಹೊತ್ತು ತಂದು, ಮನೆಯ ಬಾಗಿಲಲ್ಲಿ ಒಬ್ಬನು ಅಕ್ಕಿಯನ್ನೂ ಮತ್ತೊಬ್ಬನು ಹೊಟ್ಟನ್ನೂ ಇಟ್ಟುಕೊಂಡು ಉಳಿದುದನ್ನು ಚೆಲ್ಲಿದಂತೆ ಇದು. ಹೊರುವ ಆಳು ಇಮ್ಮಡಿಯಾದರೂ ಹೊರೆಯು ಅರ್ಧವಾಗಲಿಲ್ಲ. ಅದೂ ಅಲ್ಲದೆ ಸಂಗೀತದ ಶಕ್ತಿಯ ಬಹುಪಾಲು ತಗ್ಗು ಮತ್ತು ನಡುವಣ ಸ್ವರಗಳಲ್ಲಿರುವುದರಿಂದ, ಟ್ವೀಟರಿಗೆ ಕಟ್ಟಿದ ವರ್ಧಕಕ್ಕೆ ವಿದ್ಯುತ್ ಪ್ರವಾಹದ ಕೆಲಸವು ಅತ್ಯಲ್ಪ. ಎರಡೂ ಬಾಯಿಗಳ ಪ್ರವಾಹವನ್ನು ಒಂದೇ ವರ್ಧಕವು ಒದಗಿಸಬೇಕಾಗಿಲ್ಲ ಎಂಬ ಸಣ್ಣ ಲಾಭವೇನೋ ಉಂಟು; ಆದರೆ ವೆಚ್ಚಕ್ಕೆ ತಕ್ಕ ಫಲವು ಅಪರೂಪ.

ಎರಡನೆಯ ವಿಧದಲ್ಲಿ ಪೆಟ್ಟಿಗೆಯೊಳಗಿನ ಕ್ರಾಸೋವರನ್ನು ಬಿಟ್ಟುಬಿಡುತ್ತಾರೆ. ಸಂಕೇತವು ಇನ್ನೂ ದುರ್ಬಲವಾಗಿರುವಾಗಲೇ ಒಂದು ಎಲೆಕ್ಟ್ರಾನಿಕ್ ಕ್ರಾಸೋವರು ಅದನ್ನು ತಗ್ಗು ಏರುಗಳಾಗಿ ಬೇರ್ಪಡಿಸುತ್ತದೆ. ತಗ್ಗು ಸ್ವರವು ಒಂದು ವರ್ಧಕದಿಂದ ನೇರವಾಗಿ ವೂಫರಿಗೆ, ಏರು ಸ್ವರವು ಇನ್ನೊಂದರಿಂದ ನೇರವಾಗಿ ಟ್ವೀಟರಿಗೆ ಹೋಗುತ್ತದೆ. ಇಲ್ಲಿ ಆಳುಗಳು ಹೊರುವ ಮೊದಲೇ ಅಕ್ಕಿ ಹೊಟ್ಟುಗಳು ಬೇರೆಯಾದುವು.

ಇದರ ಲಾಭವನ್ನು ಒಂದು ಲೆಕ್ಕದಿಂದ ತೋರಿಸಬಹುದು. 8 ಓಮಿನ ಸ್ಪೀಕರಿಗೆ ತಗ್ಗು ಸ್ವರವು 20 ವೋಲ್ಟಿನ ಶಿಖರವನ್ನೂ, ಏರು ಸ್ವರವು 20 ವೋಲ್ಟಿನ ಶಿಖರವನ್ನೂ ಬೇಡುತ್ತದೆಯೆಂದು ಇಟ್ಟುಕೊಳ್ಳಿರಿ. ಒಂದೇ ವರ್ಧಕವಾದಲ್ಲಿ ಎರಡು ಶಿಖರಗಳು ಕೂಡಿದ ಕ್ಷಣದಲ್ಲಿ ಅದು 40 ವೋಲ್ಟುಗಳವರೆಗೆ ಏರಬೇಕು. ಅಂತಹ ವರ್ಧಕದ ಯೋಗ್ಯತೆ 100 ವಾಟ್. ಬೇರೆ ಬೇರೆ ವರ್ಧಕಗಳಾದರೆ ಒಂದೊಂದೂ 20 ವೋಲ್ಟಿಗೆ ಏರಿದರೆ ಸಾಕು. ಆ ಯೋಗ್ಯತೆ ತಲಾ 25 ವಾಟ್. ಅಂದರೆ 25 ವಾಟಿನ ಎರಡು ಚಿಕ್ಕ ವರ್ಧಕಗಳು 100 ವಾಟಿನ ಒಂದು ದೊಡ್ಡ ವರ್ಧಕದ ಕೆಲಸವನ್ನು ಮಾಡುತ್ತವೆ. ಇದು ಎರಡು ಸ್ವರಗಳೂ ಸಮಬಲವಾಗಿರುವಾಗಿನ ಲೆಕ್ಕ. ನಿಜವಾದ ಸಂಗೀತದಲ್ಲಿ ತಗ್ಗು ಸ್ವರವೇ ಪ್ರಬಲವಾದುದರಿಂದ ಲಾಭವು ಇದಕ್ಕಿಂತ ಕಡಮೆ. ಆದರೂ ಲಾಭವು ಲಾಭವೇ. ಮೊದಲನೆಯ ವಿಧದಲ್ಲಿ ಇದು ದೊರೆಯುವುದಿಲ್ಲವೆಂಬುದನ್ನು ಗಮನಿಸಿರಿ.

ಇನ್ನೊಂದು ಲಾಭವೂ ಉಂಟು. ಮದ್ದಳೆಯ ಬಲವಾದ ಪೆಟ್ಟಿಗೆ ವರ್ಧಕದ ಶಕ್ತಿಯು ಸಾಲದೆ ಹೋದಾಗ ಅಲೆಯ ತಲೆಯು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಏರು ಸ್ವರಗಳು ಹುಟ್ಟುತ್ತವೆ. ಒಂದೇ ವರ್ಧಕವಿದ್ದಲ್ಲಿ ಅವು ಟ್ವೀಟರನ್ನು ಹೊಕ್ಕು ಕರ್ಕಶವಾಗಿ ಕಿರುಚುತ್ತವೆ. ವರ್ಧಕಗಳು ಬೇರೆಯಾದಲ್ಲಿ ವೂಫರಿನ ಸಂಕಟವು ವೂಫರಿನಲ್ಲಿಯೇ ಮುಗಿಯುತ್ತದೆ. ಭಾಗವತರ ಕಂಠಕ್ಕೆ ಕಲೆ ಹತ್ತುವುದಿಲ್ಲ. ಮೇಲಾಗಿ ವರ್ಧಕಕ್ಕೂ ವೂಫರಿಗೂ ನಡುವೆ ಸುರುಳಿಯ ತಡೆಯಿಲ್ಲದುದರಿಂದ, ಪೆಟ್ಟು ಮುಗಿದೊಡನೆ ಆಲಿಕೆಯನ್ನು ನಿಲ್ಲಿಸುವ ಹಿಡಿತವು ವರ್ಧಕಕ್ಕೆ ಹೆಚ್ಚಾಗಿರುತ್ತದೆ.

ಈ ಮಾರ್ಗವನ್ನು ಹಸನುಗೊಳಿಸಿದವರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಇಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಮತ್ತು ರಸ್ ರೈಲಿ ಎಂಬವರ ಹೆಸರುಗಳನ್ನು ಸ್ಮರಿಸಬೇಕು. ವೂಫರು ಟ್ವೀಟರುಗಳ ಸ್ವರಗಳು ಸಂಧಿಸುವೆಡೆಯಲ್ಲಿ ಎರಡೂ ಒಂದೇ ಹೆಜ್ಜೆಯಲ್ಲಿ ಸಾಗಿ, ಕೂಡಿದಾಗ ಏರುತಗ್ಗಿಲ್ಲದೆ ಸಮನಾಗುವಂತಹ ವಿಂಗಡಣೆಯ ಕ್ರಮವನ್ನು ಲಿಂಕ್ವಿಟ್ಸ್ 1976ರಲ್ಲಿ ಪ್ರಕಟಿಸಿದನು. ಇಂದಿಗೂ ಅದು ಅವರಿಬ್ಬರ ಹೆಸರಿನಿಂದಲೇ ಬಳಕೆಯಲ್ಲಿದೆ. ಈಗ ಅಂಕಿಗಳ ಲೆಕ್ಕದಿಂದಲೇ ಸ್ವರವನ್ನು ವಿಂಗಡಿಸುವ ಚಿಕ್ಕ ಸಾಧನಗಳು ದೊರೆಯುತ್ತವೆ. ವರ್ಧಕಗಳನ್ನೂ ವಿಂಗಡಣೆಯನ್ನೂ ಪೆಟ್ಟಿಗೆಯೊಳಗೇ ಸೇರಿಸಿ ತಯಾರಿಸಿದ ಸಕ್ರಿಯ ಸ್ಪೀಕರುಗಳೂ ದೊರೆಯುತ್ತವೆ. ಕುಶಲ ಇಂಜಿನಿಯರನು ಅಳೆದು ಹೊಂದಿಸಿದ ಅಂತಹ ಸ್ಪೀಕರನ್ನು ಕೊಳ್ಳುವುದು, ಅಳೆಯುವ ಸಲಕರಣೆಯಿಲ್ಲದೆ ಮನೆಯಲ್ಲಿ ಪೆಟ್ಟಿಗೆಯನ್ನು ಬಿಚ್ಚುವುದಕ್ಕಿಂತ ಕ್ಷೇಮಕರ. ತಯಾರಕರ ಕ್ರಾಸೋವರು ಸ್ವರವನ್ನು ವಿಂಗಡಿಸುವುದಲ್ಲದೆ ಆ ಸ್ಪೀಕರಿನ ಸಹಜ ದೋಷಗಳನ್ನೂ ತಿದ್ದುತ್ತಿರುತ್ತದೆ. ಅದನ್ನು ಕಿತ್ತವನು ಆ ತಿದ್ದುಪಡಿಯ ಹೊಣೆಯನ್ನೂ ಹೊರಬೇಕಾಗುತ್ತದೆ.

ಸಾಧಾರಣ ಸಂಸಾರಕ್ಕೆ ಈ ಎರಡನೆಯ ವಿಧದ ಅತ್ಯಂತ ಸುಲಭವಾದ ರೂಪವು ಸಬ್‌ವೂಫರು. ತನ್ನದೇ ವರ್ಧಕವುಳ್ಳ ಈ ಪೆಟ್ಟಿಗೆಯು ಸುಮಾರು 80 ಕಂಪನಗಳ ಕೆಳಗಿನ ಸ್ವರಗಳನ್ನು ವಹಿಸಿಕೊಳ್ಳುತ್ತದೆ. ಅದೇ ವೇಳೆಗೆ ಮುಖ್ಯ ಸ್ಪೀಕರುಗಳಿಗೆ ಆ ತಗ್ಗು ಸ್ವರವು ಹೋಗದಂತೆ ತಡೆದರೆ, ಅವುಗಳ ಚಿಕ್ಕ ವೂಫರುಗಳ ಭಾರವು ಇಳಿದು ನಡುವಣ ಸ್ವರಗಳು ತಿಳಿಯಾಗುತ್ತವೆ. ಕೊಳ್ಳುವಾಗ ಈ ತಡೆಯ ಏರ್ಪಾಡು ಉಂಟೇ ಎಂದು ವಿಚಾರಿಸಿರಿ.

ಇನ್ನು ಎಚ್ಚರಿಕೆಯ ಮಾತುಗಳು. ಇವನ್ನು ಮನೆಯ ಕಿರಿಯರು ವಿಶೇಷವಾಗಿ ಗಮನಿಸಬೇಕು.

ಒಂದನೆಯದಾಗಿ, ನಾಲ್ಕು ಕೊಂಡಿಗಳ ಸ್ಪೀಕರಿಗೆ ಎರಡು ವರ್ಧಕಗಳನ್ನು ಕಟ್ಟುವ ಮೊದಲು ಆ ಲೋಹದ ಪಟ್ಟಿಗಳನ್ನು ತೆಗೆದಿರಲೇಬೇಕು. ತೆಗೆಯದಿದ್ದರೆ ಒಂದು ವರ್ಧಕದ ಬಾಯಿಯು ಇನ್ನೊಂದರ ಬಾಯಿಗೆ ನೇರವಾಗಿ ಕೂಡಿ ಎರಡೂ ಸುಟ್ಟುಹೋಗಬಹುದು. ಒಂದು ಸಂಕೇತವನ್ನು ಎರಡು ವರ್ಧಕಗಳ ಒಳಬಾಗಿಲುಗಳಿಗೆ ಹಂಚಬಹುದು. ಎರಡು ವರ್ಧಕಗಳ ಹೊರಬಾಗಿಲುಗಳನ್ನು ಎಂದಿಗೂ ಒಂದುಗೂಡಿಸಬಾರದು. ಸ್ಪೀಕರಿನಲ್ಲಿ ಎರಡೇ ಕೊಂಡಿಗಳಿದ್ದರೆ ಎರಡನೆಯ ವರ್ಧಕಕ್ಕೆ ಅಲ್ಲಿ ಎಡೆಯೇ ಇಲ್ಲ.

ಎರಡನೆಯದಾಗಿ, ಹಳೆಯದೊಂದು ಹೊಸದೊಂದು ವರ್ಧಕವನ್ನು ಜೋಡಿಸಿದರೆ ಅವು ಸಂಕೇತವನ್ನು ಸಮನಾಗಿ ಹೆಚ್ಚಿಸುವುದು ಅಪರೂಪ. ಮೂರು ಡೆಸಿಬೆಲಿನಷ್ಟು ಅಂತರವಿದ್ದರೂ ತಾಳವು ಕಿವಿಯನ್ನು ಚುಚ್ಚೀತು, ಇಲ್ಲವೆ ಮಾತು ಮಂಕಾದೀತು. ಕೆಲವು ವರ್ಧಕಗಳು ಅಲೆಯನ್ನು ತಲೆಕೆಳಗು ಮಾಡಿ ಕಳುಹಿಸುತ್ತವೆ. ಆಗ ವೂಫರು ಟ್ವೀಟರುಗಳು ಸಂಧಿಸುವೆಡೆಯಲ್ಲಿ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಮೊದಲನೆಯ ವಿಧವನ್ನು ಮಾಡಲೇಬೇಕೆಂಬವರು ಒಂದೇ ಮಾದರಿಯ ಎರಡು ವರ್ಧಕಗಳನ್ನು ಬಳಸುವುದು ಲೇಸು.

ಮೂರನೆಯದಾಗಿ, ಎರಡು ಭಾಗಗಳನ್ನು ಒಂದಾಗಿಸಿ ಹೆಚ್ಚು ಶಕ್ತಿಯನ್ನು ಪಡೆಯುವ 'ಬ್ರಿಜ್' ಎಂಬ ಏರ್ಪಾಡು ಕೆಲವು ವರ್ಧಕಗಳಲ್ಲಿರುತ್ತದೆ. ಆಗ 8 ಓಮಿನ ಸ್ಪೀಕರು ಒಂದೊಂದು ಭಾಗಕ್ಕೆ 4 ಓಮಿನಂತೆ ಭಾರವಾಗುತ್ತದೆ. 4 ಓಮಿನದು 2 ಓಮಿನಂತಾಗುತ್ತದೆ. ತಯಾರಕರು ಒಪ್ಪದ ಭಾರವನ್ನು ಹೊರಿಸಬಾರದು. ಅಂತಹ ವರ್ಧಕಗಳ ಕಪ್ಪು ಕೊಂಡಿಯನ್ನು ಮತ್ತೊಂದರ ಕಪ್ಪು ಕೊಂಡಿಗೆ ಸೇರಿಸಲೂಬಾರದು.

ನಾಲ್ಕನೆಯದಾಗಿ, ಟ್ವೀಟರನ್ನು ವರ್ಧಕಕ್ಕೆ ನೇರವಾಗಿ ಕಟ್ಟಿದವರು, ಗುಂಡಿಯೊತ್ತಿದಾಗ ಬರುವ 'ಧಪ್' ಎಂಬ ಪೆಟ್ಟಿನಿಂದ ಅದನ್ನು ಕಾಪಾಡಲು ತಕ್ಕ ಬೆಲೆಯ ಕೆಪಾಸಿಟರೊಂದನ್ನು ನಡುವೆ ಇಡಬೇಕು. ವರ್ಧಕಗಳನ್ನು ಎಲ್ಲಕ್ಕೂ ಕೊನೆಯಲ್ಲಿ ಹಚ್ಚಬೇಕು, ಎಲ್ಲಕ್ಕೂ ಮೊದಲು ಆರಿಸಬೇಕು.

ಐದನೆಯದಾಗಿ, ಯಂತ್ರಗಳು ಹೆಚ್ಚಿದಷ್ಟೂ 'ಗುಂಯ್' ಎಂಬ ಗುಂಜನವು ಸೇರಿಕೊಳ್ಳುವ ಸಂಭವವುಂಟು. ಎಲ್ಲವನ್ನೂ ಒಂದೇ ಪ್ಲಗ್ ಹಲಗೆಯಿಂದ ನಡೆಸಿದರೆ ಇದು ಬಹುಮಟ್ಟಿಗೆ ತಗ್ಗುತ್ತದೆ. ಗುಂಜನವನ್ನು ನಿಲ್ಲಿಸಲೆಂದು ಭೂಸಂಪರ್ಕದ ತಂತಿಯನ್ನು ಕತ್ತರಿಸುವ ಕೆಟ್ಟ ರೂಢಿಯೊಂದಿದೆ; ಅದು ಪ್ರಾಣಕ್ಕೆ ಎರವಾದೀತು, ಸರ್ವಥಾ ಕೂಡದು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಹಿಂದುಮುಂದಿನ ಗುಡುಗು ಸಿಡಿಲುಗಳ ಉಗ್ರತೆಯನ್ನು ನಿಮಗೆ ಹೇಳಬೇಕಾಗಿಲ್ಲ. ಆಕಾಶವು ಕಪ್ಪಾದೊಡನೆ ಪ್ಲಗ್ಗನ್ನು ಕಿತ್ತಿಡುವುದೇ ಉತ್ತಮ ರಕ್ಷಣೆ. ಕಡಲ ಗಾಳಿಗೆ ಕೊಂಡಿಗಳು ಕಿಲುಬು ಹಿಡಿಯುವುದರಿಂದ ವರ್ಷಕ್ಕೊಮ್ಮೆ ಬಿಚ್ಚಿ ಒರಸುವುದೂ ಅಗತ್ಯ.

ಕೊನೆಯದಾಗಿ, ವೆಚ್ಚದ ವಿಷಯ. ವರ್ಧಕದ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ದೊರೆಯುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ಅಲ್ಪ ವ್ಯತ್ಯಾಸ. ಶಬ್ದವು ಎರಡು ಪಟ್ಟು ಗಟ್ಟಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದರೆ ಅಷ್ಟೇ ಶಕ್ತಿಗೆ 86 ಡೆಸಿಬೆಲಿನ ಬದಲು 89 ಡೆಸಿಬೆಲ್ ನೀಡುವ ಸ್ಪೀಕರನ್ನು ಆರಿಸಿದವನು, ವರ್ಧಕವನ್ನು ಮುಟ್ಟದೆಯೇ ಅದರ ಶಕ್ತಿಯನ್ನು ಇಮ್ಮಡಿಸಿದಂತಾಯಿತು. ಕಾಸು ಖರ್ಚಿಲ್ಲದ ಉಪಾಯಗಳೂ ಉಂಟು. ಮುರಕಲ್ಲಿನ ಗೋಡೆ, ಗಾರೆಯ ಬರಿ ನೆಲದ ಕೋಣೆಯಲ್ಲಿ ಶಬ್ದವು ಪುಟಿಪುಟಿದು ಮಾತು ಕಲಸಿಹೋಗುತ್ತದೆ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇವು ಬಹಳ ಸಹಾಯಮಾಡುತ್ತವೆ. ಸ್ಪೀಕರನ್ನು ಮೂಲೆಗೊತ್ತಿದರೆ ತಗ್ಗು ಸ್ವರವು ಅತಿಯಾಗುತ್ತದೆ; ಗೋಡೆಯಿಂದ ಮುಂದಕ್ಕೆ ತನ್ನಿರಿ. ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ ಕೇಳುವವನೂ ಅಷ್ಟೇ ದೂರದಲ್ಲಿ ಕುಳಿತು, ಟ್ವೀಟರು ಕಿವಿಯ ಮಟ್ಟಕ್ಕೆ ಬರುವಂತೆ ಮಾಡಿಕೊಳ್ಳಲಿ. ಇಷ್ಟನ್ನು ಮಾಡಿ ನೋಡಿದ ಮೇಲೂ ಕೊರತೆ ಕಂಡರೆ ಎರಡನೆಯ ವರ್ಧಕದ ಮಾತನ್ನು ಎತ್ತಬಹುದು.

ಬಂಧುಗಳೆ, ಎಷ್ಟು ವರ್ಧಕಗಳನ್ನಿಟ್ಟರೂ ಮುದ್ರಣದಲ್ಲಿ ಇಲ್ಲದುದನ್ನು ಅವು ಸೃಷ್ಟಿಸಲಾರವು. ನಮ್ಮ ಎಷ್ಟೋ ಮನೆಗಳ ಕಪಾಟುಗಳಲ್ಲಿ ಹಳೆಯ ತಾಳಮದ್ದಳೆಯ ಕ್ಯಾಸೆಟ್ಟುಗಳು ಬೂಸಲು ಹಿಡಿಯುತ್ತಿವೆ. ಟೇಪು ಅಂಟಿಕೊಂಡು ಹರಿಯುವುದಕ್ಕೆ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಪ್ರತಿಯಿಟ್ಟರೆ ಆ ನುಡಿಯು ಉಳಿದೀತು. ಅದಕ್ಕೆ ತಗಲುವ ವೆಚ್ಚವು ಎರಡನೆಯ ವರ್ಧಕದ ಬೆಲೆಯನ್ನು ಮೀರಲಾರದು. ಎರಡರಲ್ಲಿ ಒಂದಕ್ಕೆ ಮಾತ್ರ ಕೈಯಲ್ಲಿ ಹಣವಿರುವವರು ಮೊದಲು ಕ್ಯಾಸೆಟ್ಟುಗಳನ್ನು ಉಳಿಸಿಕೊಳ್ಳಲಿ. ವರ್ಧಕವನ್ನು ನಾಳೆಯೂ ಕೊಳ್ಳಬಹುದು. ಆ ಕಂಠಗಳು ಮತ್ತೆ ದೊರೆಯಲಾರವು.